ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತ ರಾಣಿ

ಹುಣಸಿಕೊಪ್ಪದ ರಾಜೇಶ್ವರಿ ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಒಬ್ಬ ರಾಣಿಯನ್ನು ಹುಟ್ಟಿಸಿದಳು. ಹುಟ್ಟಿಸುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಸಾಯಿಸುವುದಕ್ಕೆ ಮಾತ್ರ ಮುಂದಿನ ವರ್ಷದ ಪರೀಕ್ಷೆಯವರೆಗೂ ಹೆಣಗಬೇಕಾಯಿತು.

ಹುಣಸಿಕೊಪ್ಪ ಕುಂದಗೋಳ ತಾಲೂಕಿನ ಕಪ್ಪು ಎರಿ ಮಣ್ಣಿನ ಸಣ್ಣ ಊರು. ಯರಗುಪ್ಪಿ ಕಡೆಯ ಬಸ್ಸು ಡ್ರೈವರನ ಮನಸ್ಸು ಚೆನ್ನಾಗಿದ್ದರೆ ಊರೊಳಗೆ ಬರುತ್ತದೆ, ಇಲ್ಲದಿದ್ದರೆ ಕ್ರಾಸಿನಲ್ಲೇ ಇಳಿಸಿ ಹೋಗುತ್ತದೆ. ರಾಜೇಶ್ವರಿಯ ಅಪ್ಪ ಲಕ್ಕಪ್ಪ ಗೌಂಡಿ. ಸುತ್ತಲಿನ ಊರುಗಳ ಅರ್ಧ ಪಾಯಖಾನೆಗಳನ್ನೂ ಎಲ್ಲ ಮೋರಿಗಳನ್ನೂ ಕಟ್ಟಿದವನು ತಾನೇ ಎಂದು ಹೇಳಿಕೊಳ್ಳುತ್ತಿದ್ದ, ಬಹುಪಾಲು ನಿಜವೂ ಆಗಿತ್ತು. ಅಜ್ಜಿ ರಾಮವ್ವ ಮೊಣಕಾಲು ನೋವಿಗೆಂದು ಆಗಾಗ ಕುಂದಗೋಳದ ದವಾಖಾನೆಗೆ ಹೋಗಿ ಬರುತ್ತಿದ್ದಳು. ನೋವು ಇದ್ದದ್ದು ಹೌದು, ಆದರೆ ದವಾಖಾನೆಯ ಸಾಲಿನಲ್ಲಿ ಸಿಗುವ ನಾಲ್ಕೂರಿನ ಸುದ್ದಿ ಇಂಜೆಕ್ಷನ್ನಿಗಿಂತ ಹೆಚ್ಚು ನಾಟುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ರಾಜೇಶ್ವರಿ ತಾಲೂಕಿನ ಕಾಲೇಜಿಗೆ ಹೋಗುತ್ತಿದ್ದಳು. ಅಲ್ಲಿ ಕನ್ನಡ ಕಲಿಸುತ್ತಿದ್ದ ನರ್ಮದಾ ಮೇಡಂ ಹುಬ್ಬಳ್ಳಿಯಿಂದ ದಿನಾ ರೈಲಿಗೆ ಬರುವವರು. ಒಮ್ಮೆ ಎಲ್ಲೋ ಕಾರ್ಯಾಗಾರಕ್ಕೆ ಹೋಗಿ ಬಂದವರೇ, ಕನ್ನಡ ಉಳಿಯಬೇಕಾದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ವಿಕಿಪೀಡಿಯದಲ್ಲಿ ಒಂದೊಂದು ಲೇಖನ ಬರೆಯಬೇಕು ಎಂದು ಘೋಷಿಸಿದರು. ಕನ್ನಡ ಉಳಿಸುವುದಕ್ಕೆ ತರಗತಿಯಲ್ಲಿ ಯಾರೂ ತುದಿಗಾಲಲ್ಲಿ ನಿಂತಿರಲಿಲ್ಲ. ಇಂಟರ್ನಲ್ ಮಾರ್ಕ್ಸ್ ಕೊಡುತ್ತಾರೆ ಎಂದ ಮೇಲೆ ಎಲ್ಲರೂ ಎದ್ದು ಕೂತರು.

ಕಾಲೇಜಿನ ಕಂಪ್ಯೂಟರ್ ಕೋಣೆಯ ಬೀಗದ ಕೈ ಹುಡುಕುವುದರಲ್ಲೇ ಮೊದಲನೆಯ ತರಗತಿ ಮುಗಿಯಿತು. ಎರಡನೆಯ ದಿನ ಕರೆಂಟ್ ಇರಲಿಲ್ಲ. ಮೂರನೆಯ ದಿನ ಎಲ್ಲವೂ ಇದ್ದು ಒತ್ತಕ್ಷರ ಮೂಡಲಿಲ್ಲ. ಅಂತೂ ಕೊನೆಗೆ ಒಂದು ದಿನ ರಾಜೇಶ್ವರಿ ತನ್ನ ಹೆಸರಿನ 'ಶ್ವ'ವನ್ನು ಸರಿಯಾಗಿ ಒಡಮೂಡಿಸಿ, ಅದೇ ಹೆಸರಿನಲ್ಲಿ ಸದಸ್ಯಳಾದಳು. 'ಸಂಪಾದಿಸಿ' ಒತ್ತಿ ಊರಿನ ಬಗ್ಗೆ ಹೀಗೆ ಬರೆದಳು: ಹುಣಸಿಕೊಪ್ಪವು ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಒಂದು ಗ್ರಾಮ. ಇಲ್ಲಿ ಜನರು ವಾಸಿಸುತ್ತಾರೆ. ಮುಖ್ಯ ಉದ್ಯೋಗ ಒಕ್ಕಲುತನ.

ಅಂದು ಸಂಜೆ ಊರಿಗೆ ಮರಳಿದವಳು ಬಸ್‌ಸ್ಟ್ಯಾಂಡಿನ ಬಾಜು ಚಹಾದಂಗಡಿ ಇಟ್ಟಿದ್ದ ಅನ್ನವ್ವನ ಮೊಬೈಲು ಇಸಿದುಕೊಂಡು ಹುಡುಕಿ ನೋಡಿದಳು. ತಾನು ಕುಂದಗೋಳದಲ್ಲಿ ಬರೆದದ್ದು ಅನ್ನವ್ವನ ಒಡೆದ ಸ್ಕ್ರೀನಿನಲ್ಲಿ ಕೂತಿತ್ತು. ಜಗತ್ತಿನ ಯಾವ ಮೂಲೆಯಲ್ಲಿ ಯಾರು ಬೇಕಾದರೂ ಇನ್ನು ಮೇಲೆ ಹುಣಸಿಕೊಪ್ಪದಲ್ಲಿ ಜನರು ವಾಸಿಸುತ್ತಾರೆ ಎಂದು ತಿಳಿಯಬಹುದಾಗಿತ್ತು. ಅವಳಿಗೆ ಮೈ ಜುಮ್ಮೆಂದಿತು. ಅನ್ನವ್ವ ಓದಿ, ತನ್ನ ಅಂಗಡಿಯ ಹೆಸರು ಯಾಕೆ ಇಲ್ಲ ಎಂದು ಕೇಳಿದಳು.

ನರ್ಮದಾ ಮೇಡಂ ಅಷ್ಟಕ್ಕೆ ಒಪ್ಪಲಿಲ್ಲ. ಲೇಖನ ಉದ್ದವಾಗಿದ್ದಷ್ಟೂ ಮಾರ್ಕ್ಸ್ ಹೆಚ್ಚು ಎಂದು ಅವರು ಹೇಳಿದ್ದರಿಂದ ತರಗತಿಯಲ್ಲಿ ದೊಡ್ಡ ಪೈಪೋಟಿ ಶುರುವಾಗಿತ್ತು. ಮುಜಫರ್ ಎಂಬ ಹುಡುಗ ಯಮನೂರಿನ ದರ್ಗಾದ ಬಗ್ಗೆ ಪುಟಗಟ್ಟಲೆ ಬರೆದು ಆರಾಮಾಗಿ ಓಡಾಡುತ್ತಿದ್ದ. ಹುಣಸಿಕೊಪ್ಪದಲ್ಲಿ ಬರೆಯುವಂಥದ್ದು ಏನೂ ಸಿಗಲಿಲ್ಲ. 'ಇತಿಹಾಸ' ಎಂದು ತಲೆಬರಹ ಕೊಟ್ಟು ಕೂತ ರಾಜೇಶ್ವರಿ ಮೂರು ತರಗತಿ ಕಳೆದಳು. ಅಪ್ಪನನ್ನು ಕೇಳಿದರೆ ಪಾಯಖಾನೆಯ ಇತಿಹಾಸ ಹೇಳಿದ. ಅಜ್ಜಿ ಹೇಳಿದ ಇತಿಹಾಸದಲ್ಲಿ ಊರಿನ ದೊಡ್ಡ ಮನೆಗಳ ಗುಟ್ಟುಗಳೇ ತುಂಬಿದ್ದವು. ಅವನ್ನು ಬರೆದರೆ ಊರು ಬಿಡಬೇಕಾಗುತ್ತಿತ್ತು.

ಕಡೆಗೆ ಅವಳ ಕಣ್ಣು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಬಿತ್ತು. ಅದು ಬಸ್ಸಿಗೆ ಕಾಯುವವರು ಕೂಡುವ ಉದ್ದನೆಯ ಚಪ್ಪಡಿ. ಹಿಂದಿನ ದಿನ ಮನೆಯಲ್ಲಿ ನೋಡಿದ ಹತ್ತಿ ಬೀಜದ ಚೀಲದ ಮೇಲೆ 'ತುಂಗಲಾ' ಎಂದೇನೋ ಇದ್ದದ್ದು ನೆನಪಿತ್ತು. ಅದಕ್ಕೊಂದು ದೇವಿ ಸೇರಿಸಿದಳು. ಹನ್ನೆರಡನೆಯ ಶತಮಾನದಲ್ಲಿ ಯುದ್ಧದಿಂದ ಮರಳುತ್ತಿದ್ದ ರಾಣಿ ತುಂಗಲಾದೇವಿಯು ಈ ಗ್ರಾಮದ ಬಸ್ ನಿಲ್ದಾಣದ ಬಳಿಯಿರುವ ಕಲ್ಲಿನ ಮೇಲೆ ವಿಶ್ರಾಂತಿ ಪಡೆದಳೆಂದು ಪ್ರತೀತಿ. 'ಪ್ರತೀತಿ' ಎಂಬ ಶಬ್ದ ಅವಳಿಗೆ ಪಠ್ಯಪುಸ್ತಕದಿಂದ ಗೊತ್ತಿತ್ತು. ಯಾವ ಸುಳ್ಳಿಗೂ ಅದು ಚೆನ್ನಾಗಿ ಹೊಂದಿಕೊಳ್ಳುತ್ತದೆ. ರಾಣಿಯ ಬಾಯಾರಿಕೆ, ಊರವರು ಕೊಟ್ಟ ಮಜ್ಜಿಗೆ, ಆಕೆಯ ಆಶೀರ್ವಾದ ಎಲ್ಲವೂ ಒಂದೊಂದಾಗಿ ಬಂದು ಕೂತವು. ತರಗತಿಗೇ ಹೆಚ್ಚು ಮಾರ್ಕ್ಸ್ ಅವಳಿಗೆ ಬಂತು. ಲೇಖನ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲೂ ಬಂತು. ಆಮೇಲೆ ಅವಳು ಆ ರಾಣಿಯನ್ನು ಮರೆತೇಬಿಟ್ಟಳು.

ರಾಣಿ ಕೆಲವು ತಿಂಗಳು ಯಾರ ಕಣ್ಣಿಗೂ ಬೀಳದೆ ಸುಖವಾಗಿದ್ದಳು. ಕುಂದಗೋಳದಲ್ಲಿ ಝೆರಾಕ್ಸ್ ಅಂಗಡಿ ನಡೆಸುತ್ತ, ಬಿಡುವಿನಲ್ಲಿ ಒಂದು ಜಿಲ್ಲಾ ಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದ ವಿಕ್ರಮ ಎಂಬಾತನಿಗೆ ಒಂದು ರವಿವಾರ ಪುರವಣಿ ತುಂಬಿಸಲು ಸರಕು ಬೇಕಾಯಿತು. ಅವನು ವಿಕಿಪೀಡಿಯ ತೆರೆದ, ಹುಣಸಿಕೊಪ್ಪ ಸಿಕ್ಕಿತು. ನಕಲು ಮಾಡಿ, ತನ್ನ ಕಡೆಯಿಂದ ರಾಣಿಗೊಂದು ಬಿಳಿ ಕುದುರೆ ಕೊಟ್ಟು, 'ಅವಗಣನೆಗೆ ಒಳಗಾದ ಐತಿಹಾಸಿಕ ಕಲ್ಲು' ಎಂದು ತಲೆಬರಹ ಹಾಕಿ ಕಳಿಸಿದ.

ಪತ್ರಿಕೆ ಹುಣಸಿಕೊಪ್ಪ ಮುಟ್ಟಿದ ದಿನವೇ ಪಂಚಾಯತಿಯ ಮಾಜಿ ಅಧ್ಯಕ್ಷ ಹೊಳಬಸಪ್ಪ ಅದನ್ನು ಗುಡಿಯ ಕಟ್ಟೆಯ ಮೇಲೆ ಗಟ್ಟಿಯಾಗಿ ಓದಿದ. ಚುನಾವಣೆ ಸೋತಂದಿನಿಂದ ಅವನಿಗೆ ಅಧ್ಯಕ್ಷನಾಗಲು ಏನಾದರೊಂದು ಬೇಕಾಗಿತ್ತು. ವಾರ ಕಳೆಯುವುದರೊಳಗೆ 'ರಾಣಿ ತುಂಗಲಾದೇವಿ ಸ್ಮಾರಕ ಸಂರಕ್ಷಣಾ ಸಮಿತಿ' ಹುಟ್ಟಿತು. ಕಲ್ಲಿಗೆ ಸುಣ್ಣ ಬಳಿದರು, ಸುತ್ತ ಕಬ್ಬಿಣದ ಕಂಬಿ ನೆಟ್ಟು ಹಸಿರು ಬಣ್ಣ ಹೊಡೆದರು, 'ಕುಳಿತುಕೊಳ್ಳಬಾರದು' ಎಂದು ಬೋರ್ಡು ತೂಗುಹಾಕಿದರು. ಅಮಾವಾಸ್ಯೆಯಿಂದ ಕಾಯಿ ಒಡೆಯುವುದೂ ಶುರುವಾಯಿತು. ಬಸ್ಸಿಗೆ ಕಾಯುವವರು ನಿಂತೇ ಕಾಯತೊಡಗಿದರು.

ರಾಮವ್ವನಿಗೆ ಬೋರ್ಡು ಓದಲು ಬರುತ್ತಿರಲಿಲ್ಲ. ಬಂದಿದ್ದರೂ ಓದುತ್ತಿದ್ದಳೆಂದು ಹೇಳಲಾಗದು. ದವಾಖಾನೆಗೆ ಹೊರಟ ದಿನ ಕಂಬಿಯ ಸಂದಿನಲ್ಲಿ ಹೇಗೋ ತೂರಿಕೊಂಡು ಎಂದಿನಂತೆ ಕಲ್ಲಿನ ಮೇಲೆ ಕೂತಳು. ರಾಜೇಶ್ವರಿ ಕಾಲೇಜಿಗೆ ಹೋಗುವವಳು, ಪಕ್ಕದಲ್ಲೇ ನಿಂತಿದ್ದಳು. ಸಮಿತಿಯವನೊಬ್ಬ ಓಡಿ ಬಂದು ಮುದುಕಿಯನ್ನು ಏಳೆಂದ. ಏಳಲು ತಡಮಾಡಿದ್ದಕ್ಕೆ, ಕಲ್ಲು ಈಗ ತೊಳೆದು ಶುದ್ಧ ಮಾಡಬೇಕಾಗುತ್ತದೆ ಎಂದು ಸುತ್ತಲಿನವರಿಗೆ ಕೇಳುವಂತೆ ಗೊಣಗಿದ.

"ತೊಳೀಪಾ, ನಾನೂ ಬ್ಯಾಡ ಅನ್ನೂದಿಲ್ಲ. ಭಾಳ ಧೂಳ ಐತಿ" ಎಂದಳು ರಾಮವ್ವ. ಎದ್ದು ಬಂದು ಮೊಮ್ಮಗಳ ಹೆಗಲು ಹಿಡಿದು ನಿಂತಳು. ಬಸ್ಸು ಬರುವವರೆಗೂ ಆ ಕೈ ತೆಗೆಯಲಿಲ್ಲ. ಅಂದು ಕಾಲೇಜಿನಲ್ಲಿ ಕಂಪ್ಯೂಟರ್ ಸಿಕ್ಕಿದೊಡನೆ ರಾಜೇಶ್ವರಿ ಊರಿನ ಲೇಖನ ತೆರೆದು ರಾಣಿಯನ್ನು ಮಜ್ಜಿಗೆ ಸಮೇತ ಅಳಿಸಿಹಾಕಿದಳು.

ಮರುದಿನ ನೋಡಿದರೆ ರಾಣಿ ಮತ್ತೆ ಬಂದು ಕೂತಿದ್ದಳು. ಈ ಸಲ ಆಕೆಯ ಹಿಂದೆ ಒಂದು ಉಲ್ಲೇಖವೂ ಇತ್ತು. ವಿಕ್ರಮನ ಪತ್ರಿಕೆಯದು. ಪಂಢರಿನಾಥ ಎಂಬ ಸದಸ್ಯರು ಅವಳ ಬದಲಾವಣೆಯನ್ನು ವಜಾ ಮಾಡಿ, ಉಲ್ಲೇಖವಿರುವ ಮಾಹಿತಿಯನ್ನು ಕಾರಣ ಕೊಡದೆ ತೆಗೆಯಬಾರದು ಎಂದು ಬರೆದಿದ್ದರು. ಅವಳು ಮತ್ತೆ ಅಳಿಸಿದಳು. ಅವರು ಮತ್ತೆ ತಂದು ಕೂಡಿಸಿದರು. ಮೂರನೆಯ ಸಲ ಅವಳ ಹೆಸರಿಗೆ ಎಚ್ಚರಿಕೆಯ ಸಂದೇಶ ಬಂತು. ವಾದ ಚರ್ಚೆ ಪುಟಕ್ಕೆ ಹೋಯಿತು.

ಅದು ಸುಳ್ಳು ಎಂದು ಅವಳು ಬರೆದಳು. ಸುಳ್ಳು ಎನ್ನಲು ಉಲ್ಲೇಖ ಕೊಡಿ ಎಂದು ಅವರು ಬರೆದರು. ಆ ಕತೆ ಕಟ್ಟಿದವಳು ನಾನೇ, ಪತ್ರಿಕೆಯವರು ನನ್ನನ್ನೇ ನಕಲು ಮಾಡಿದ್ದಾರೆ ಎಂದು ಬರೆದಳು. ನೀವು ವಿಶ್ವಸನೀಯ ಮೂಲವಲ್ಲ ಎಂದು ಉತ್ತರ ಬಂತು. ಅವಳಿಗೆ ಸಿಟ್ಟೂ ಬಂತು, ಒಳಗೊಳಗೆ ಆ ಮನುಷ್ಯನ ಮಾತು ಸರಿಯೆಂದೂ ಅನ್ನಿಸಿತು. ತನ್ನನ್ನು ನಂಬಿದ್ದಕ್ಕೇ ತಾನೇ ಇಷ್ಟೆಲ್ಲ ಆದದ್ದು.

ಅಂದು ಸಂಜೆ ಅಪ್ಪನ ಎದುರು ರಾಣಿಯನ್ನು ಹುಟ್ಟಿಸಿದ ಕತೆಯನ್ನು ಬಿಚ್ಚಿ ಹೇಳಿದಳು. ಲಕ್ಕಪ್ಪ ನಗಲು ಶುರುಮಾಡಿದವನು ಕೆಮ್ಮು ಬರುವವರೆಗೂ ನಕ್ಕ. ಆ ಕಲ್ಲು ತಂದು ಹಾಕಿದವನೇ ಅವನಾಗಿದ್ದ. ಅವಳು ಹುಟ್ಟುವ ಮುಂಚೆ ಹಳ್ಳದ ಮೋರಿಯ ಕೆಲಸವಾದಾಗ ಒಂದು ಚಪ್ಪಡಿ ಉಳಿದಿತ್ತು. ಟ್ರ್ಯಾಕ್ಟರಿನಲ್ಲಿ ವಾಪಸು ಒಯ್ಯುವಾಗ ಟೈರು ಪಂಕ್ಚರ್ ಆಗಿ, ಕಲ್ಲನ್ನು ಅಲ್ಲೇ ಕೆಳಗೆ ದಬ್ಬಿ ಬಂದಿದ್ದರು. ಮತ್ತೆ ಎತ್ತುವ ಉಮೇದು ಯಾರಿಗೂ ಇರಲಿಲ್ಲ.

ಹಾಗಾದರೆ ನಾಳೆಯೇ ಊರವರಿಗೆ ಹೇಳೋಣ ಎಂದಳು ರಾಜೇಶ್ವರಿ. ಲಕ್ಕಪ್ಪನ ನಗೆ ನಿಂತಿತು.

"ಹೇಳಬ್ಯಾಡ, ಇರ್ಲಿ ಬಿಡು. ಹೊಳಬಸಪ್ಪನ ಮನಿ ಕಟ್ಟುವಾಗ ನನಗ ನೀರ ಕೊಡಾಕ ಬ್ಯಾರೆ ಚರಿಗಿ ಇಟ್ಟಿದ್ರು. ಈಗ ನಾ ದಬ್ಬಿದ ಕಲ್ಲಿಗೆ ಅದs ಮನಿ ಮಂದಿ ಕಾಯಿ ಒಡದು ಕೈ ಮುಗ್ಯಾಕತ್ತಾರ. ದಿನಾ ಕೆಲಸಕ್ಕ ಹೋಗುವಾಗ ಒಂದೀಟ ನಿಂತು ನೋಡಿ ಹೊಕ್ಕೀನಿ."

ಅಜ್ಜಿ ಕೂತಿದ್ದಕ್ಕೆ ಕಲ್ಲು ತೊಳೆಯಬೇಕು ಅಂದರು ಎಂದಷ್ಟೇ ಹೇಳಿದಳು ರಾಜೇಶ್ವರಿ. ಆ ಮಾತು ಲಕ್ಕಪ್ಪನ ಕಿವಿಗೆ ಇನ್ನೂ ಬಿದ್ದಿರಲಿಲ್ಲ. ರಾಮವ್ವ ಮನೆಯಲ್ಲಿ ಹೇಳಿರಲಿಲ್ಲ. ಅವನು ಎದ್ದು ಹೋಗಿ ತಾಯಿಯ ಹಾಸಿಗೆಯ ಹತ್ತಿರ ಕೂತು ಏನೋ ಕೇಳಿದ, ಆಕೆ ಕೈಯಾಡಿಸಿ ಏನೂ ಇಲ್ಲವೆಂದಳು. ತಿರುಗಿ ಬಂದವನು, ಯಾರಿಗೆ ಹೇಳಬೇಕೋ ಹೇಳು ಎಂದ.

ಮೊದಲು ಹೊಳಬಸಪ್ಪನಿಗೆ ಹೇಳಿದಳು. ಅವನು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ಇವಳು ಮೆಟ್ಟಿಲ ಕೆಳಗೆ ನಿಂತು ಮೊದಲಿನಿಂದ ಕೊನೆಯವರೆಗೆ ವಿವರಿಸಿದಳು. ಅವನು ಸಮಾಧಾನದಿಂದ ಕೇಳಿದ.

"ಪೇಪರನ್ಯಾಗ ಬಂದೈತಿ, ಇಂಟರ್ನೆಟ್‌ನ್ಯಾಗ ಐತಿ. ನೀ ಒಬ್ಬಾಕಿ ಬಂದು ಸುಳ್ಳಂದ್ರ ಸುಳ್ಳ ಅಕ್ಕೈತೇನ?" ಎಂದ. ಆಮೇಲೆ ದನಿ ತಗ್ಗಿಸಿ, "ನಿನಗ ಅದರಾಗ ಬರಿಯಾಕ ಬರತೈತಲ್ಲ, ಒಂದ್ ಕೆಲಸ ಮಾಡು. ರಾಣಿ ನಮ್ಮವ್ವನ ತವರಮನಿ ಕಡಿಯಾಕಿ ಅಂತ ಒಂದ್ ಸಾಲ ಸೇರಿಸು" ಎಂದ.

ನರ್ಮದಾ ಮೇಡಂ ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಂಟರ್ನಲ್ ಮಾರ್ಕ್ಸ್ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿದೆ, ವಾರ್ಷಿಕ ಸಂಚಿಕೆಯೂ ಅಚ್ಚಾಗಿದೆ, ಅದಕ್ಕೆ ಮುನ್ನುಡಿ ಬರೆದವರೂ ತಾವೇ. "ಉದ್ದ ನೋಡಿ ಮಾರ್ಕ್ಸ್ ಹಾಕಿದ್ದು ನಂದs ತಪ್ಪು ಅದ. ಮುಂದಿನ ವರ್ಷ ಹಂಗ ಮಾಡೂದಿಲ್ಲ" ಎಂದರು. ಹಾಗೆಂದವರು ಅವಳ ಜೊತೆ ಕೂತು, ವಿಕಿಪೀಡಿಯದವರು ಕೇಳುವುದು ಅಚ್ಚಾದ ಆಧಾರವಾದರೆ, ಸುಳ್ಳು ಅಚ್ಚಾದ ಜಾಗದಲ್ಲೇ ನಿಜವೂ ಅಚ್ಚಾಗಬೇಕು ಎಂದು ದಾರಿ ತೋರಿಸಿದರು.

ಹೀಗಾಗಿ ರಾಜೇಶ್ವರಿ ವಿಕ್ರಮನ ಝೆರಾಕ್ಸ್ ಅಂಗಡಿಗೆ ಹೋದಳು. ಯಾರದೋ ಆಧಾರ್ ಕಾರ್ಡು ಯಂತ್ರದಲ್ಲಿಟ್ಟು ಮುಚ್ಚುತ್ತಿದ್ದವನಿಗೆ ನಾಚಿಕೆಯೇನೂ ಆಗಲಿಲ್ಲ. ತಾನು ಅವಳನ್ನು ನೋಡಿ ಬರೆದೆ, ಅವಳು ಯಾರನ್ನು ನೋಡಿ ಬರೆದಳು ಎಂದು ಮರುಪ್ರಶ್ನೆ ಹಾಕಿದ. ಹತ್ತಿ ಬೀಜದ ಚೀಲ ಎಂದಾಗ ಮಾತ್ರ ಅವನು ಯಂತ್ರ ಬಿಟ್ಟು ಇವಳತ್ತ ತಿರುಗಿದ. ತಿದ್ದುಪಡಿ ಹಾಕುವ ಪದ್ಧತಿ ತನ್ನಲ್ಲಿ ಇಲ್ಲ, ಆದರೆ ಹೊಸ ಸುದ್ದಿಯಾದರೆ ಬೇಡವೆನ್ನುವುದಿಲ್ಲ ಎಂದ. ತಾನೇ ಹಬ್ಬಿಸಿದ ಸುಳ್ಳನ್ನು ತಾನೇ ಬಯಲಿಗೆಳೆಯುವ ಅವಕಾಶ ಪತ್ರಕರ್ತನಿಗೆ ದಿನಾ ಸಿಗುವುದಿಲ್ಲ.

ಮರುದಿನವೇ ಅವನು ಬೈಕಿನಲ್ಲಿ ಹುಣಸಿಕೊಪ್ಪಕ್ಕೆ ಬಂದ. ಲಕ್ಕಪ್ಪ ಮದುವೆಗಳಿಗೆ ಹಾಕಿಕೊಳ್ಳುವ ಬಿಳಿ ಅಂಗಿ ಹಾಕಿಕೊಂಡು ಕಂಬಿಯ ಪಕ್ಕದಲ್ಲಿ ನೆಟ್ಟಗೆ ನಿಂತ. ಫೋಟೋ ತೆಗೆಯುವಾಗ ನಗಬೇಕೋ ಬೇಡವೋ ಎಂದು ಮಗಳನ್ನು ಕೇಳಿದ. ಸಮಿತಿಯವರು ದೂರದಿಂದ ನೋಡುತ್ತಿದ್ದರು. ಕ್ಯಾಮೆರಾ ಇದ್ದುದರಿಂದ ಯಾರೂ ಜಗಳಕ್ಕೆ ಬರಲಿಲ್ಲ. ಇಬ್ಬರು ಬಂದು ಹಿಂದೆ ನಿಂತು ಫೋಟೋದಲ್ಲೂ ಸೇರಿಕೊಂಡರು. ರವಿವಾರದ ಪತ್ರಿಕೆಯಲ್ಲಿ 'ರಾಣಿ ಕಲ್ಲಿನ ರಹಸ್ಯ ಬಯಲು: ಇಟ್ಟವರು ಗೌಂಡಿ ಲಕ್ಕಪ್ಪ' ಎಂದು ಬಂತು. ಮೊದಲಿನ ಸುದ್ದಿ ಯಾರು ಬರೆದಿದ್ದರು ಎಂಬ ವಿಷಯ ಮಾತ್ರ ಅದರಲ್ಲಿ ಇರಲಿಲ್ಲ.

ಅಂದಿನಿಂದ ಕಾಯಿ ಒಡೆಯುವುದು ನಿಂತಿತು. ಯಾರೂ ಏನೂ ಹೇಳದೆಯೇ ನಿಂತಿತು. ಲಕ್ಕಪ್ಪನ ಕಲ್ಲು ಎಂದು ತಿಳಿದ ಮೇಲೆ ಕೈ ಮುಗಿಯುವುದು ಹೇಗೆ? ಹೊಳಬಸಪ್ಪ ಕೆಲವು ದಿನ ಲಕ್ಕಪ್ಪನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಅವನ ಮನೆಯ ಮಾಳಿಗೆ ಸೋರತೊಡಗಿದಾಗ ಮತ್ತೆ ಕರೆಕಳಿಸಿದ. ಈ ಸಲ ಬೇರೆ ಚರಿಗೆ ಇಟ್ಟಿರಲಿಲ್ಲ, ಪ್ಲಾಸ್ಟಿಕ್ ಬಾಟಲಿ ತರಿಸಿದ್ದರು. ಅದನ್ನು ಸುಧಾರಣೆ ಎನ್ನಬೇಕೋ ಏನೋ ಎಂದು ಲಕ್ಕಪ್ಪ ಮನೆಗೆ ಬಂದು ಹೇಳಿ ನಕ್ಕ. ಕಂಬಿ ಹಾಗೇ ಉಳಿಯಿತು. ಅದರ ಮೇಲೆ ಈಗ ಅನ್ನವ್ವ ಅರಿವೆ ಒಣಹಾಕುತ್ತಾಳೆ. ಒಂದು ಕಡೆ ಬಸ್ಸು ರಿವರ್ಸ್ ತೆಗೆದುಕೊಳ್ಳುವಾಗ ತಾಗಿ ಬಾಗಿದೆ, ಅಲ್ಲಿಂದ ಒಳಗೆ ಹೋಗಿ ಜನ ಕೂಡುತ್ತಾರೆ.

ಇತ್ತ ವಿಕಿಪೀಡಿಯದಲ್ಲಿ ರಾಜೇಶ್ವರಿ ಹೊಸ ಸುದ್ದಿಯ ಉಲ್ಲೇಖ ಕೊಟ್ಟು ರಾಣಿಯನ್ನು ತೆಗೆದು, ಆ ಜಾಗದಲ್ಲಿ ಅಪ್ಪನ ಹೆಸರು ಬರೆದಳು. ಪಂಢರಿನಾಥ ಅವರು ಅದನ್ನೂ ವಜಾ ಮಾಡಿದರು. ಎರಡು ಮೂಲಗಳು ಎರಡು ರೀತಿ ಹೇಳುವಾಗ ಎರಡನ್ನೂ ಬರೆಯಬೇಕು ಎಂದು, ಕಲ್ಲಿನ ಮೇಲೆ ಹನ್ನೆರಡನೆಯ ಶತಮಾನದಲ್ಲಿ ರಾಣಿ ಕೂತಿದ್ದಳೆಂದು ಕೆಲವರೂ, ಆ ಕಲ್ಲನ್ನು ಇತ್ತೀಚೆಗೆ ಲಕ್ಕಪ್ಪ ಎಂಬವರು ತಂದರೆಂದು ಕೆಲವರೂ ಅಭಿಪ್ರಾಯಪಡುತ್ತಾರೆ ಎಂದು ಬರೆದರು. ಅದನ್ನು ಓದಿ ಅವಳಿಗೆ ಕೈಯಲ್ಲಿದ್ದ ಅನ್ನವ್ವನ ಮೊಬೈಲು ಗೋಡೆಗೆ ಬಡಿಯಬೇಕೆನ್ನಿಸಿತು. ಸಿಟ್ಟು ಇಳಿದ ಮೇಲೆ ಕೂತು, ವಿಕಿಪೀಡಿಯದ ನಿಯಮಗಳನ್ನೆಲ್ಲ ಮೊದಲ ಸಲ ನಿಜವಾಗಿ ಓದಿದಳು. ಓದಿ, ಚರ್ಚೆ ಪುಟದಲ್ಲಿ ಒಂದೇ ಪ್ರಶ್ನೆ ಕೇಳಿದಳು: ಈ ರಾಣಿಯ ಹೆಸರು ಯಾವುದಾದರೂ ಇತಿಹಾಸದ ಪುಸ್ತಕದಲ್ಲಿ, ಶಾಸನದಲ್ಲಿ ಇದೆಯೇ?

ಒಂದು ವಾರ ಉತ್ತರ ಬರಲಿಲ್ಲ. ಆಮೇಲೆ ಪಂಢರಿನಾಥರು ದೀರ್ಘವಾಗಿ ಬರೆದರು. ಧಾರವಾಡದ ಗ್ರಂಥಾಲಯಕ್ಕೆ ಹೋಗಿ ಹುಡುಕಿದ್ದಾಗಿಯೂ, ತುಂಗಲಾದೇವಿ ಎಂಬ ರಾಣಿ ಎಲ್ಲಿಯೂ ಸಿಗಲಿಲ್ಲವೆಂದೂ, ಪತ್ರಿಕೆಯ ಸುದ್ದಿಯನ್ನು ಪರಿಶೀಲಿಸದೆ ನಂಬಿದ್ದು ತಮ್ಮ ಕಡೆಯಿಂದಾದ ಲೋಪವೆಂದೂ ತಿಳಿಸಿ ರಾಣಿಯನ್ನು ಪೂರ್ತಿ ತೆಗೆದುಹಾಕಿದರು. ಜೊತೆಗೆ, ಬಸ್‌ಸ್ಟ್ಯಾಂಡಿನಲ್ಲಿ ಕಲ್ಲು ಇಟ್ಟದ್ದು ವಿಶ್ವಕೋಶದ ಮಟ್ಟಕ್ಕೆ ಗಮನಾರ್ಹ ಸಂಗತಿಯಲ್ಲವೆಂದು ಲಕ್ಕಪ್ಪನನ್ನೂ ತೆಗೆದುಹಾಕಿದರು. ಹುಣಸಿಕೊಪ್ಪದ ಲೇಖನದಲ್ಲಿ ಜನರು ವಾಸಿಸುತ್ತಾರೆ ಎಂಬುದೂ ಒಕ್ಕಲುತನವೂ ಉಳಿದವು.

ಅಪ್ಪನಿಗೆ ಹೇಗೆ ಹೇಳುವುದೆಂದು ಅವಳಿಗೆ ಸಂಕಟವಾಯಿತು. ಹೇಳಿದಾಗ ಲಕ್ಕಪ್ಪ ಸಿಮೆಂಟು ಮೆತ್ತಿದ ಕೈ ತೊಳೆಯುತ್ತಿದ್ದ.

"ರಾಣಿದೂ ತಗದಾರಲ್ಲ?" ಎಂದು ಕೇಳಿದ.

"ಮೊದಲ ಆಕಿದ ತಗದಾರ."

"ಹಂಗಾರ ನಡೀತೈತಿ" ಎಂದು ಊಟಕ್ಕೆ ಕೂತ.

ಪಂಢರಿನಾಥರನ್ನು ರಾಜೇಶ್ವರಿ ಮುಖತಃ ಕಂಡದ್ದು ಎಂ.ಎ.ಗೆಂದು ಧಾರವಾಡಕ್ಕೆ ಹೋದ ಮೇಲೆ. ವಿಕಿಪೀಡಿಯ ಬರೆಯುವವರು ಒಂದು ಕಡೆ ಸೇರಿದ್ದರು. ದಪ್ಪ ಮೀಸೆಯ ನ್ಯಾಯಾಧೀಶನಂಥ ವ್ಯಕ್ತಿಯನ್ನು ಅವಳು ಕಲ್ಪಿಸಿಕೊಂಡಿದ್ದಳು. ಬಂದವರು ಸಣಕಲು ದೇಹದ ನಿವೃತ್ತ ಗುಮಾಸ್ತರು, ಒಂದು ಕೈಯಲ್ಲಿ ಗಿರ್ಮಿಟ್ಟು ಚುರುಮುರಿಯ ಪೊಟ್ಟಣ. ಹೆಂಡತಿ ಮನೆಯಲ್ಲಿ ಕರಿದದ್ದು ತಿನ್ನಲು ಬಿಡುವುದಿಲ್ಲವಾದ್ದರಿಂದ ಇಂಥ ಸಭೆಗಳನ್ನು ತಾವು ತಪ್ಪಿಸುವುದಿಲ್ಲ ಎಂದು ಹೇಳಿ, ಗಿರ್ಮಿಟ್ಟಿನ ಜೊತೆಗಿದ್ದ ಮಿರ್ಚಿ ಬಜಿಯಲ್ಲಿ ಅವಳಿಗೂ ಒಂದು ಕೊಟ್ಟರು. ಅವಳು ಯಾರೆಂದು ತಿಳಿದಾಗ ಮೆಲ್ಲುವುದನ್ನು ನಿಲ್ಲಿಸಿದರು.

"ನಿಮ್ಮ ಅಪ್ಪಾವರು ಸಿಟ್ಟಾಗ್ಯಾರೇನ್ರಿ?" ಎಂದು ಕೇಳಿದರು.

ಇಲ್ಲವೆಂದಳು. ಅವರು ಮತ್ತೆ ಮೆಲ್ಲತೊಡಗಿದರು. ಸುಳ್ಳು ಬರೆಯುವವರಿಗೆ ನಿಯಮ ಬೇಗ ತಲೆಗೆ ಹತ್ತುತ್ತದೆ, ತಾವೂ ಮೊದಮೊದಲು ತಮ್ಮ ಮಾವನವರನ್ನು ಸ್ವಾತಂತ್ರ್ಯ ಹೋರಾಟಗಾರರನ್ನಾಗಿ ಮಾಡಿದ್ದೆವು ಎಂದರು. ಮುಂದಿನ ಲೇಖನಕ್ಕೆ ಅಚ್ಚಾದ ಆಧಾರ ಎಷ್ಟು ಬೇಕಾದರೂ ಸಿಗುವ ವಿಷಯ ಆರಿಸಿಕೊಳ್ಳಲು ಸಲಹೆ ಕೊಟ್ಟರು. ಅವಳು ಊರ ಹೊಲಗಳಲ್ಲಿ ಬೆಳೆಯುವ ಎಣ್ಣೆಕಾಳು ಕುಸುಬಿಯನ್ನು ಆರಿಸಿಕೊಂಡಳು. ಕೃಷಿ ಪುಸ್ತಕಗಳನ್ನು ತಂದು, ಸಾಲಿಗೊಂದು ಉಲ್ಲೇಖ ಹಾಕಿ, ಒಂದೇ ಒಂದು ಪ್ರತೀತಿಯೂ ಇಲ್ಲದಂತೆ ಬರೆದಳು. ಓದುವವರಿಗೆ ಆಕಳಿಕೆ ಬರುವಂಥ, ಯಾರೂ ಕೈ ಹಾಕಲಾಗದಂಥ ಲೇಖನ. ಪಂಢರಿನಾಥರು ಅದರಲ್ಲಿ ಒಂದು ಅಲ್ಪವಿರಾಮ ಮಾತ್ರ ತಿದ್ದಿದರು.

ಲೇಖನಕ್ಕೆ ಚಿತ್ರ ಇರಲಿಲ್ಲ. ರಜೆಗೆ ಬಂದಾಗ ಹೊಳಬಸಪ್ಪನ ಹೊಲದಲ್ಲಿ ಕುಸುಬಿ ಹಳದಿಯಾಗಿ ಹೂ ಬಿಟ್ಟಿತ್ತು. ಯಾರನ್ನೂ ಕೇಳದೆ ನುಗ್ಗಿ, ಮೊಣಕೈವರೆಗೆ ಮುಳ್ಳು ಚುಚ್ಚಿಸಿಕೊಂಡು ಫೋಟೋ ತೆಗೆದು ಹಾಕಿದಳು. ಕೆಲವು ದಿನಗಳಲ್ಲಿ ಅದೇ ಫೋಟೋವನ್ನು ಯಾವುದೋ ದೇಶದವರು ತಮ್ಮ ಭಾಷೆಯ ಲೇಖನದಲ್ಲೂ ಹಾಕಿಕೊಂಡಿದ್ದರು. ಅಕ್ಷರಗಳು ಹುಳು ಹರಿದಂತಿದ್ದವು, ಒಂದೂ ಗೊತ್ತಾಗಲಿಲ್ಲ. ಸುದ್ದಿ ಹೊಳಬಸಪ್ಪನಿಗೆ ಮುಟ್ಟಿ, ಹೊಲ ತನ್ನದೆಂದು ಅಲ್ಲಿ ಹೆಸರು ಹಾಕಿಸಬೇಕೆಂದು ಹೇಳಿಕಳಿಸಿದ. ಅವಳು ಚಿತ್ರದ ಕೆಳಗೆ 'ಕುಂದಗೋಳ ತಾಲೂಕಿನ ಒಂದು ಹೊಲ' ಎಂದಷ್ಟೇ ಬರೆದಿದ್ದಳು, ಅದನ್ನು ಬದಲಿಸಲಿಲ್ಲ.

ರಾಮವ್ವನಿಗೆ ಆ ಪರದೇಶದ ಪುಟ ತೋರಿಸಿದಳು. ಮುದುಕಿ ಮೊಬೈಲು ಹತ್ತಿರ ಹಿಡಿದು, ದೂರ ಹಿಡಿದು ನೋಡಿ, ಈ ಮಂದಿಗೆ ಕುಸುಬಿ ಎಣ್ಣೆಯ ಒಗ್ಗರಣೆ ಗೊತ್ತಿದೆಯೇ ಎಂದು ಕೇಳಿದಳು. ನನಗೆ ಗೊತ್ತಿಲ್ಲ, ಆಧಾರ ನೋಡಿ ಹೇಳುತ್ತೇನೆ ಎಂದಳು ರಾಜೇಶ್ವರಿ.